ದ್ವಾರರೋಧಕ ದರ್ಪಣ: ಬಾಗಿಲಿಗೆ ಅಡ್ಡ ನಿಲ್ಲುವ ಅಯಾನುಗಳ ಭೇದನಿರ್ಣಯ

ಪೀಠಿಕೆ

ವಿಷಗಳ ಬಗ್ಗೆ ಕನ್ನಡದಲ್ಲಿ ಶಾಸ್ತ್ರ ಬರೆದವರಲ್ಲಿ ಹಿರಿಯನೆಂದರೆ ಹದಿನಾಲ್ಕನೇ ಶತಮಾನದ ಮಂಗರಾಜ. ಅವನ ‘ಖಗೇಂದ್ರಮಣಿದರ್ಪಣ’ ವಿಷವನ್ನು ಸ್ಥಾವರ, ಜಂಗಮ ಎಂದು ಒಡೆದು, ಒಂದೊಂದಕ್ಕೂ ಅದರದರ ಜಾಗ ತೋರಿಸಿ ಕೂರಿಸುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯವನೇ ಆದ ಕೆಳದಿಯ ಬಸಪ್ಪನಾಯಕ 1709ರಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶ ಬರೆದು ರಾಜನೀತಿ, ಸಂಗೀತ, ಅಡುಗೆ, ವೈದ್ಯ ಎಲ್ಲವನ್ನೂ ಅದರೊಳಗೆ ತುಂಬಿದ. ಇಬ್ಬರಿಗೂ ಸಾಷ್ಟಾಂಗ. ಆದರೆ ಇಬ್ಬರೂ ಬೇರಿಯಂ ಬಿಟ್ಟಿದ್ದಾರೆ. ಅವರ ತಪ್ಪೇನೂ ಇಲ್ಲ. ಹಂಫ್ರಿ ಡೇವಿ ಅದನ್ನು ಬೇರ್ಪಡಿಸಿದ್ದೇ 1808ರಲ್ಲಿ. ಹಿರಿಯರು ಬಿಟ್ಟದ್ದನ್ನು ತುಂಬುವುದು ಕಿರಿಯರ ಕೆಲಸ, ಆದ್ದರಿಂದ ಈ ಕಿರುಶಾಸ್ತ್ರ.

ವಿಷಯ ಇಷ್ಟು. ಮಾಂಸಖಂಡದ ಒಂದೊಂದು ಕೋಶಕ್ಕೂ ಒಂದು ಪೊರೆ. ಆ ಪೊರೆಯಲ್ಲಿ ಪೊಟ್ಯಾಸಿಯಂ ಓಡಾಡಲೆಂದೇ ಇರುವ ಪುಟ್ಟ ಬಾಗಿಲುಗಳಿವೆ. ವಿಜ್ಞಾನದವರು ಚಾನೆಲ್ ಅನ್ನುತ್ತಾರೆ. ಆ ಬಾಗಿಲಿಗೆ ಬೇರೆ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಬಂದು ಅಡ್ಡ ನಿಲ್ಲುತ್ತವೆ. ಯಾರು ನಿಲ್ಲುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಏನು ಮಾಡಿದರೆ ಜಾಗ ಬಿಡುತ್ತಾರೆ ಎಂಬುದೇ ಇಲ್ಲಿ ನಿರ್ಣಯವಾಗಬೇಕಾದ ಪ್ರಶ್ನೆ.

ಶಾಸ್ತ್ರಕಾರ ತನ್ನ ಅರ್ಹತೆಯನ್ನು ಮೊದಲೇ ಹೇಳಬೇಕೆಂಬುದು ಪದ್ಧತಿ. ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ದಾರಿ: ವಿದ್ಯಾನಗರ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ, ಮುಂದೆ ಭದ್ರಾವತಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಈ ದಾರಿಯ ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಊರಿ ನಿಂತು ಬಂದವನಿಗೆ ದ್ವಾರರೋಧಕ ಶಾಸ್ತ್ರ ಅರ್ಧ ಬಂದ ಹಾಗೆಯೇ. ಉಳಿದರ್ಧವನ್ನು ಕಪ್ಪೆಯಿಂದ ಕಲಿಯಬೇಕು.

ಇನ್ನು ಪ್ರತಿಜ್ಞೆ. ಬಾಗಿಲಿನ ಒಳಗು ಹೇಗಿದೆಯೆಂದು ಮನುಷ್ಯರಿಗೆ ಮೊದಲು ತಿಳಿದದ್ದು ಅಲ್ಲಿ ಸಲೀಸಾಗಿ ಹಾದುಹೋದ ಕೋಟ್ಯಂತರ ಪೊಟ್ಯಾಸಿಯಂಗಳಿಂದಲ್ಲ. ಅಡ್ಡ ನಿಂತು ಬೈಸಿಕೊಂಡ ನಾಲ್ಕೈದು ಜನರಿಂದ. ಇದನ್ನು ಸಾಧಿಸಿ ತೋರಿಸುತ್ತೇನೆ.

ಬಾಗಿಲಿನ ಲಕ್ಷಣ

ಪೊಟ್ಯಾಸಿಯಂ ಯಾರೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ ಅಡಿಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಲೆಕ್ಕ ತೋಟದವರಿಗೆಲ್ಲ ಬಾಯಿಪಾಠ. ಮೂರರಲ್ಲಿ ದೊಡ್ಡ ಪಾಲು ಅದರದ್ದೇ. ಮನುಷ್ಯನ ಮೈಯಲ್ಲೂ ಅದಕ್ಕೆ ಅಷ್ಟೇ ಮರ್ಯಾದೆ. ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಕೋಶಗಳ ಒಳಗೇ ಇರುತ್ತದೆ, ಅದರಲ್ಲೂ ಬಹುಪಾಲು ಸ್ನಾಯುಗಳಲ್ಲಿ. ಹೊರಗೆ ರಕ್ತದಲ್ಲಿರುವುದು ಲೀಟರಿಗೆ 4 ಮಿಲಿಮೋಲ್ ಆಸುಪಾಸು; ಒಳಗೆ ಅದರ ಮೂವತ್ತು ನಲವತ್ತು ಪಟ್ಟು.

ಒಳಗೆ ಕಿಕ್ಕಿರಿದದ್ದು ಹೊರಗೆ ಜಾರಲು ನೋಡುತ್ತದೆ. ಹಾಗೆ ತುಸು ಜಾರಿದ್ದರಿಂದಲೇ ಪೊರೆಯ ಒಳಬದಿ ಋಣವಾಗುತ್ತದೆ, ಸುಮ್ಮನಿರುವ ಸ್ನಾಯುವಿನಲ್ಲಿ ಮೈನಸ್ 90 ಮಿಲಿವೋಲ್ಟಿನ ಹತ್ತಿರ. ಟಾರ್ಚಿನ ಸೆಲ್ಲಿನ ಹದಿನಾರರಲ್ಲಿ ಒಂದು ಪಾಲು, ಇದೂ ಒಂದು ವಿದ್ಯುತ್ತೇ ಎಂದು ಪೂರ್ವಪಕ್ಷಿ ಮೂಗು ಮುರಿಯಬಹುದು. ಅವನು ಪೊರೆಯ ದಪ್ಪವನ್ನು ನೋಡಿಲ್ಲ. ಅದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಭಾಗ. ಅಷ್ಟು ತೆಳುವಿನ ಮೇಲೆ ಅಷ್ಟು ಬಿದ್ದರೆ ಲೆಕ್ಕ ಮೀಟರಿಗೆ ಒಂದು ಕೋಟಿ ವೋಲ್ಟ್ ದಾಟುತ್ತದೆ. ಬಾಗಿಲಲ್ಲಿ ನಿಂತವರ ಬೆನ್ನಿಗೆ ಬೀಳುವ ನೂಕು ಇದು. ಸೀಸಿಯಂ ಪ್ರಕರಣದಲ್ಲಿ ಮತ್ತೆ ಬೇಕಾಗುತ್ತದೆ, ನೆನಪಿರಲಿ.

ಬಾಗಿಲಿನ ಅತಿ ಇಕ್ಕಟ್ಟಾದ ಭಾಗ 12 ಆಂಗ್‌ಸ್ಟ್ರಾಂ ಉದ್ದ. ನಾಲ್ಕು ಪ್ರೋಟೀನ್ ತುಂಡುಗಳು ಸುತ್ತಲೂ ನಿಂತು, ತಮ್ಮ ಆಮ್ಲಜನಕ ಪರಮಾಣುಗಳನ್ನು ನಡುವಿಗೆ ಚಾಚಿರುತ್ತವೆ. ನೀರಿನಲ್ಲಿರುವಾಗ ಪೊಟ್ಯಾಸಿಯಂ ಸುತ್ತ ನೀರಿನ ಅಣುಗಳ ಹೊದಿಕೆ ಇರುತ್ತದೆ. ಬಾಗಿಲಲ್ಲಿ ಆ ಹೊದಿಕೆ ಕಳಚಬೇಕು. ಕಳಚಿದ ನಷ್ಟವನ್ನು ಈ ಆಮ್ಲಜನಕಗಳು ಸರಿಯಾಗಿ ತುಂಬಿಕೊಡುತ್ತವೆ, ಆದ್ದರಿಂದ ಪೊಟ್ಯಾಸಿಯಂಗೆ ಹೊದಿಕೆ ಬಿಟ್ಟ ದುಃಖವಿಲ್ಲ. ಒಂದರ ಹಿಂದೆ ಒಂದರಂತೆ ಸಾಲಾಗಿ ಹೋಗುತ್ತವೆ. ದೊಡ್ಡ ಬಾಗಿಲಾದರೆ ಸೆಕೆಂಡಿಗೆ ಹತ್ತು ಕೋಟಿಯಷ್ಟು. ಇದನ್ನು ಕಣ್ಣಾರೆ ಕಂಡಂತೆ ಚಿತ್ರ ಬರೆದು ತೋರಿಸಿದವರು ರಾಡ್ರಿಕ್ ಮ್ಯಾಕಿನನ್ ಮತ್ತು ಸಂಗಡಿಗರು, 1998ರಲ್ಲಿ, ಮಣ್ಣಿನ ಬ್ಯಾಕ್ಟೀರಿಯಾ ಒಂದರ ಚಾನೆಲನ್ನು ಹರಳುಗಟ್ಟಿಸಿ ಎಕ್ಸ್‌ರೇ ಹಾಯಿಸಿ. 2003ರಲ್ಲಿ ನೊಬೆಲ್ ಬಂತು. ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲೂ ಎಂ.ಕೆ. ಮ್ಯಾಥ್ಯೂ ಅವರ ಪ್ರಯೋಗಾಲಯ ಪೊಟ್ಯಾಸಿಯಂ ಚಾನೆಲ್‌ಗಳ ಮೇಲೆ ಕೆಲಸ ಮಾಡಿದೆ. ಆದರೆ ನಮ್ಮ ಕಥೆಯ ಬಹುಪಾಲು 1998ಕ್ಕೆ ಮುಂಚಿನದು, ಬಾಗಿಲನ್ನು ಯಾರೂ ನೋಡದೇ ಇದ್ದ ಕಾಲದ್ದು.

ಅಸಂಗತ ಪ್ರಕರಣ

1949ರಲ್ಲಿ ಬರ್ನಾರ್ಡ್ ಕಾಟ್ಸ್ ಕಪ್ಪೆಯ ಸ್ನಾಯುವಿನಲ್ಲಿ ಒಂದು ವಿಚಿತ್ರ ಗಮನಿಸಿದ. ಪೊಟ್ಯಾಸಿಯಂ ಒಳಗೆ ಬರುವುದು ಸುಲಭ, ಹೊರಗೆ ಹೋಗುವುದು ಕಷ್ಟ. ಒಳಗೆ ಅಷ್ಟೊಂದು ತುಂಬಿರುವಾಗ ಹೊರಹೋಗುವುದೇ ಸುಲಭವಾಗಬೇಕಿತ್ತು ತಾನೇ? ಹಾಗಾಗಿ ಇದಕ್ಕೆ ‘ಅಸಂಗತ’ ಎಂಬ ವಿಶೇಷಣ ಅಂಟಿಕೊಂಡಿತು.

ಭದ್ರಾವತಿ ಬಸ್ಸು ಹತ್ತಿದವರಿಗೆ ಇದರಲ್ಲಿ ಅಸಂಗತವಾದದ್ದು ಏನೂ ಕಾಣುವುದಿಲ್ಲ. ಹತ್ತುವಾಗ ಕಂಡಕ್ಟರ್ ಕೈಹಿಡಿದು ಎಳೆದುಕೊಳ್ಳುತ್ತಾನೆ. “ಒಳಗ್ ಬನ್ನಿ ಯಜಮಾನ್ರೇ, ಒಳಗೆಲ್ಲ ಖಾಲಿ ಹೊಡೀತಿದೆ.” ಇಳಿಯುವಾಗ ಮಾತ್ರ ಬಾಗಿಲ ಬಳಿ ಒಳಗಿನವರೇ ನಾಲ್ಕು ಜನ ನಿಂತಿರುತ್ತಾರೆ. ಅವರು ಇಳಿಯುವವರೂ ಅಲ್ಲ, ಜಾಗ ಬಿಡುವವರೂ ಅಲ್ಲ. ಹೊರಗಿನಿಂದ ಯಾರಾದರೂ ಹತ್ತಿದರೆ ಆ ನೂಕಿಗೆ ಅವರು ಒಳಕ್ಕೆ ಸರಿಯುತ್ತಾರೆ, ದಾರಿ ಬಿಡುತ್ತದೆ. ಒಳಗಿನಿಂದ ಯಾರಾದರೂ ಇಳಿಯಹೊರಟರೆ ಅದೇ ನೂಕು ಅವರನ್ನು ಬಾಗಿಲಿಗೆ ಇನ್ನೂ ಬಿಗಿಯಾಗಿ ಒತ್ತುತ್ತದೆ. ಬಾಗಿಲು ಎರಡೂ ಕಡೆಗೆ ಅದೇ ಬಾಗಿಲು. ನಿಂತವರು ಒಳಗಿನವರು, ಅಷ್ಟೇ ವ್ಯತ್ಯಾಸ. ಇದು ವಿಜ್ಞಾನಕ್ಕೆ ಖಚಿತವಾಗಲು ಮೂವತ್ತೆಂಟು ವರ್ಷ ಹಿಡಿಯಿತು. ಆ ಒಳಗಿನವರು ಯಾರೆಂಬುದು ಮುಂದೆ ಬರುತ್ತದೆ.

ಪೂರ್ವಪಕ್ಷ ಖಂಡನೆ

ಅಡ್ಡಗಟ್ಟುವವರನ್ನು ಗಾತ್ರದಿಂದ ವಿಂಗಡಿಸಿದರೆ ಸಾಕು ಎಂಬುದು ಒಂದು ಪಕ್ಷ. ದಪ್ಪಗಿದ್ದವರು ಸಿಕ್ಕಿಕೊಳ್ಳುತ್ತಾರೆ, ಸಣ್ಣಗಿದ್ದವರು ನುಸುಳುತ್ತಾರೆ. ಕೇಳಲು ಚೆನ್ನಾಗಿದೆ. ಲೈನಸ್ ಪಾಲಿಂಗ್ ಕೊಟ್ಟ ಅಳತೆ ಹಿಡಿದು ನೋಡೋಣ. ಪೊಟ್ಯಾಸಿಯಂ ತ್ರಿಜ್ಯ 1.33 ಆಂಗ್‌ಸ್ಟ್ರಾಂ. ಸೋಡಿಯಂ 0.95, ತೀರಾ ಸಣ್ಣದು. ಗಾತ್ರವಾದಿಯ ಪ್ರಕಾರ ನುಗ್ಗಿ ಹೋಗಬೇಕು, ಆದರೆ ಪೊಟ್ಯಾಸಿಯಂ ಹೋಗುವ ಸಾವಿರಕ್ಕೆ ಒಂದು ಪಾಲೂ ಹೋಗುವುದಿಲ್ಲ. ಸಣ್ಣ ಸೋಡಿಯಂಗೆ ಆ ಆಮ್ಲಜನಕಗಳು ನಾಲ್ಕೂ ಕಡೆಯಿಂದ ಸರಿಯಾಗಿ ಎಟುಕುವುದಿಲ್ಲ, ನೀರಿನ ಹೊದಿಕೆ ಬಿಟ್ಟ ನಷ್ಟ ತುಂಬುವುದಿಲ್ಲ. ಬೇರಿಯಂ ತ್ರಿಜ್ಯ 1.35, ಪೊಟ್ಯಾಸಿಯಂಗೆ ಕೂದಲೆಳೆಯ ಅಂತರ. ಗಾತ್ರವಾದಿಯ ಪ್ರಕಾರ ಸರಾಗ ಹೋಗಬೇಕು. ಅದೇ ಎಲ್ಲರಿಗಿಂತ ದೊಡ್ಡ ಕಂಟಕ. ಗಾತ್ರಪಕ್ಷ ಬಿತ್ತು.

ಆವೇಶದಿಂದ, ಅಂದರೆ ವಿದ್ಯುದಂಶದಿಂದ ವಿಂಗಡಿಸಬೇಕೆಂಬುದು ಎರಡನೇ ಪಕ್ಷ. ಒಂದು ಧನಾಂಶದವರು ಸಾಧುಗಳು, ಎರಡರವರು ದುಷ್ಟರು. ಸೀಸಿಯಂಗೆ ಇರುವುದು ಒಂದೇ. ಅದು ಮಾಡುವ ತಡೆಯನ್ನು ನೋಡಿದವರು ಈ ಪಕ್ಷದ ಮಾತೆತ್ತುವುದಿಲ್ಲ.

ಸಿದ್ಧಾಂತ ಇದು: ಎಲ್ಲಿಂದ ಬಂದ, ಎಷ್ಟು ಆಳಕ್ಕೆ ಹೋದ, ಹೇಗೆ ಬಿಟ್ಟ. ಈ ಮೂರರಿಂದಲೇ ಭೇದ.

ಕಪ್ಪೆಯ ವಿಚಾರ

ಇಲ್ಲಿ ಸ್ವಲ್ಪ ನಿಂತು ಕಪ್ಪೆಗೆ ನಮಸ್ಕಾರ ಹೇಳಬೇಕು. ಹಿಂದೆ ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೇಣದ ಟ್ರೇ ಮೇಲೆ ಅದನ್ನು ಅಂಗಾತ ಮಲಗಿಸಿ, ನಾಲ್ಕೂ ಕಾಲಿಗೆ ಗುಂಡುಸೂಜಿ ಚುಚ್ಚಿ, ತೊಡೆಯ ಚರ್ಮ ಸುಲಿದರೆ ಒಳಗಡೆ ನಸುಗೆಂಪಿನ ಒಂದು ಚಪ್ಪಟೆ ಪಟ್ಟಿ ಕಾಣುತ್ತಿತ್ತು. ಅದೇ ಸಾರ್ಟೋರಿಯಸ್. ನಾರುಗಳು ಅದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ, ಒತ್ತೊತ್ತಾಗಿ ಮಲಗಿರುತ್ತವೆ. ಲವಣಜಲದಲ್ಲಿ ಇಟ್ಟರೆ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಜಗತ್ತಿನ ಸ್ನಾಯುವಿಜ್ಞಾನದ ದೊಡ್ಡ ಪಾಲು ಈ ಪಟ್ಟಿಯ ಮೇಲೆ ನಿಂತಿದೆ.

ನಮ್ಮ ಕಾಲೇಜಿನ ಹುಡುಗರು ಆ ಪಟ್ಟಿಗೆ ಲೇಬಲ್ ಹಚ್ಚಿ ಚಿತ್ರ ಬರೆದು ಹತ್ತು ಅಂಕ ತೆಗೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ ಸ್ಟ್ಯಾಂಡನ್ ಮತ್ತು ಸ್ಟ್ಯಾನ್‌ಫೀಲ್ಡ್ ಎಂಬ ಇಬ್ಬರು ಅದೇ ಪಟ್ಟಿಯ ಒಂದು ನಾರಿನ ತುದಿಗೆ ಮೂರು ಗಾಜಿನ ಸೂಜಿ ಚುಚ್ಚಿದರು. ಆ ಸೂಜಿಯ ಮೊನೆ ಬರಿಗಣ್ಣಿಗೆ ಕಾಣುವುದಿಲ್ಲ. ಕೊಳವೆಯೊಳಗೆ ಲವಣದ್ರಾವಣ ತುಂಬಿರುತ್ತದೆ. ಒಂದು ಸೂಜಿಯಿಂದ ವಿದ್ಯುತ್ತು ಕೊಡುವುದು, ಉಳಿದೆರಡರಿಂದ ವೋಲ್ಟೇಜು ಅಳೆದು ಬೇಕಾದ ಕಡೆ ಹಿಡಿದು ನಿಲ್ಲಿಸುವುದು. ಹೀಗೆ ಹಿಡಿದುಕೊಂಡು, ಸುತ್ತಲಿನ ನೀರಿಗೆ ಒಂದೊಂದೇ ಅಯಾನು ಬೆರೆಸುತ್ತ ಹೋದರು. ಬೇರಿಯಂ ಮತ್ತು ಸ್ಟ್ರಾಂಷಿಯಂ 1978ರಲ್ಲಿ, ಸೋಡಿಯಂ 1979ರಲ್ಲಿ, ರುಬಿಡಿಯಂ 1980ರಲ್ಲಿ. ಅದಕ್ಕೆ ಮುಂಚೆ 1977ರಲ್ಲಿ ಗೇ ಮತ್ತು ಸ್ಟ್ಯಾನ್‌ಫೀಲ್ಡ್ ಸೀಸಿಯಂ ಮುಗಿಸಿದ್ದರು. ಆವರ್ತಕ ಕೋಷ್ಟಕವನ್ನು ಪಂಚಾಂಗದ ಹಾಗೆ ದಿನಕ್ಕೊಂದು ಮನೆ ನೋಡುತ್ತ ಹೋದ ಇಂಥವರನ್ನು ಕಂಡರೆ ನನಗೆ ಮಂಗರಾಜನೇ ನೆನಪಾಗುತ್ತಾನೆ.

ಪ್ರಥಮ ಭೇದ: ಮೆಟ್ಟಿಲು ಹತ್ತಿ ಒಳಬಾಗಿಲಲ್ಲಿ ಕಂಬಿ ಹಿಡಿದು ನಿಂತವನು (ಬೇರಿಯಂ)

ಹೊರಗಿನಿಂದ ಬರುತ್ತಾನೆ. ಪೊಟ್ಯಾಸಿಯಂನಷ್ಟೇ ಮೈಕಟ್ಟು, ಆದರೆ ಎರಡೂ ಕೈಯಲ್ಲಿ ಒಂದೊಂದು ಚೀಲ, ಅಂದರೆ ಎರಡು ಧನಾಂಶ. ಮೈ ಪೊಟ್ಯಾಸಿಯಂನದಾದ್ದರಿಂದ ಬಾಗಿಲು ತಡೆಯುವುದಿಲ್ಲ. ಇಕ್ಕಟ್ಟಿನ ಜಾಗವನ್ನೆಲ್ಲ ಹಾದು ಒಳತುದಿಯವರೆಗೆ ಬಂದುಬಿಡುತ್ತಾನೆ. ಅಲ್ಲಿ ಆ ಚಾಚಿದ ಆಮ್ಲಜನಕಗಳು ಎರಡು ಚೀಲದ ಆಕರ್ಷಣೆಗೆ ಅವನನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತವೆ. ಮುಂದೆ ಹೆಜ್ಜೆ ಇಡಬೇಕಾದರೆ ಆ ಅಪ್ಪುಗೆ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳುವುದಿಲ್ಲ. ಸ್ನಾಯುವಿನ ದೊಡ್ಡ ಪೊಟ್ಯಾಸಿಯಂ ಚಾನೆಲ್‌ಗಳಲ್ಲಿ ಒಂದೇ ಒಂದು ಬೇರಿಯಂ ಬಂದು ಕೂತದ್ದನ್ನು, ಎದ್ದದ್ದನ್ನು ಯಂತ್ರದಲ್ಲಿ ಗೆರೆಯಾಗಿ ನೋಡಬಹುದು. ಹರಿಯುತ್ತಿದ್ದ ವಿದ್ಯುತ್ತು ಫಕ್ಕನೆ ಸೊನ್ನೆ, ಕೆಲವು ಸೆಕೆಂಡು ಮೌನ, ಮತ್ತೆ ಫಕ್ಕನೆ ಮೊದಲಿನಂತೆ. ಆ ಕೆಲವು ಸೆಕೆಂಡಿನಲ್ಲಿ ಹೋಗಬಹುದಾಗಿದ್ದ ಪೊಟ್ಯಾಸಿಯಂ ಕೋಟಿಗಳ ಲೆಕ್ಕದ್ದು.

ಕಪ್ಪೆಯ ನಾರಿನಲ್ಲಿ ಕಂಡ ಇನ್ನೊಂದು ಗುಣ: ಬೇರಿಯಂ ಸಾವಧಾನಿ. ನೀರಿಗೆ ಬೆರೆಸಿ, ಒಳಗಿನ ಋಣಾಂಶ ಹೆಚ್ಚಿಸಿ ಒಳಕ್ಕೆ ಎಳೆದ ತಕ್ಷಣ ತಡೆ ಪೂರ್ತಿ ಆಗುವುದಿಲ್ಲ, ನೋಡನೋಡುತ್ತ ಬಲಿಯುತ್ತದೆ. ಎಳೆತ ಹೆಚ್ಚಿದಷ್ಟೂ ತಡೆ ಗಾಢ. ಅಲ್ಪಸ್ವಲ್ಪ ಬೇರಿಯಂಗೂ ಬಾಗಿಲು ಮುಚ್ಚುತ್ತದೆ. ಅವನ ತಮ್ಮ ಸ್ಟ್ರಾಂಷಿಯಂ ಇದನ್ನೇ ಮಾಡುತ್ತಾನೆ, ಆದರೆ ಎಷ್ಟೋ ಪಟ್ಟು ಹೆಚ್ಚು ಜನ ಬೇಕು, ಮತ್ತು ಬೇಗ ಬಿಟ್ಟು ಹೋಗುತ್ತಾನೆ. ಅವನಿಗೆ ಬೇರೆ ಪ್ರಕರಣ ಕೊಡುವುದು ಕಾಗದ ದಂಡ.

ಬೇರಿಯಂಗೆ ಮಾತ್ರ ಉಪಭೇದಗಳು ಬೇಕು, ಯಾಕೆಂದರೆ ಅವನು ಪ್ರಯೋಗಾಲಯದಿಂದ ಹೊರಬಿದ್ದು ಊರಿಗೆ ಬಂದವನು. ಅವನ ಸ್ವಭಾವ ಪೂರ್ತಿಯಾಗಿ ಸಂಗಾತಿಯನ್ನು ಅವಲಂಬಿಸಿದೆ.

ಸಲ್ಫೇಟಿನ ಜೊತೆ ಇದ್ದರೆ ಪರಮ ಸಾಧು. ಬೇರಿಯಂ ಸಲ್ಫೇಟು ನೀರಿನಲ್ಲೂ ಕರಗುವುದಿಲ್ಲ, ಹೊಟ್ಟೆಯ ಆಮ್ಲದಲ್ಲೂ ಕರಗುವುದಿಲ್ಲ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಅದು ಬರೈಟು ಕಲ್ಲಾಗಿ ಪದರ ಪದರವಾಗಿ 300 ಕೋಟಿ ವರ್ಷಕ್ಕೂ ಮಿಕ್ಕಿ ಮಲಗಿದೆ, ಬಿ.ಪಿ. ರಾಧಾಕೃಷ್ಣರು 1970ರ ದಶಕದಲ್ಲಿ ಅದರ ಬಗ್ಗೆ ಬರೆದರು. ಅಷ್ಟು ಕಾಲದ ಮಳೆಗೂ ಅಲ್ಲಾಡದವನು ನಮ್ಮ ಕರುಳಿನಲ್ಲಿ ಅಲ್ಲಾಡುವನೇ? ಎಕ್ಸ್‌ರೇಗೆ ಮುಂಚೆ ಆಸ್ಪತ್ರೆಯಲ್ಲಿ ಲೋಟದ ತುಂಬ ಕುಡಿಸುವ ಆ ಸುಣ್ಣದ ಬಣ್ಣದ ‘ಬೇರಿಯಂ ಮೀಲ್’ ಇವನೇ. ಜೀವಹಿಂಸೆ ಮಾಡುವ ಅಯಾನನ್ನು ಡಾಕ್ಟರೇ ಲೋಟಗಟ್ಟಲೆ ಕುಡಿಸುತ್ತಾರೆ, ರೋಗಿ ಮುಖ ಸಿಂಡರಿಸಿ ಕುಡಿದು ನಡೆದುಕೊಂಡು ಮನೆಗೆ ಹೋಗುತ್ತಾನೆ.

ಕಾರ್ಬೊನೇಟಿನ ಜೊತೆ ಇದ್ದರೆ ಕಪಟಿ. ನೀರಿನಲ್ಲಿ ಅಷ್ಟಾಗಿ ಕರಗದೆ ಸಾಧುವಿನಂತೆ ನಟಿಸುತ್ತಾನೆ, ಜಠರದ ಆಮ್ಲ ತಗುಲಿದ ಕೂಡಲೇ ಬಿಡುಗಡೆ. ಇಲಿಪಾಷಾಣವಾಗಿ ಇವನನ್ನು ಬಳಸಿದ್ದು ಇದೇ ಕಾರಣಕ್ಕೆ. ನೋಡಲು ಬಿಳಿ ಹಿಟ್ಟು, ಅದೇ ಇವನ ಅಪಾಯ. 2003ರಲ್ಲಿ ಬ್ರೆಜಿಲ್‌ನಲ್ಲಿ ಎಕ್ಸ್‌ರೇಗೆ ಕುಡಿಸುವ ಸಲ್ಫೇಟಿನಲ್ಲಿ ಕಾರ್ಬೊನೇಟು ಸೇರಿಕೊಂಡು ಜನ ಸತ್ತರು. ಉಕ್ಕಿನ ಊರಿನವರಿಗೆ ಈತ ಇನ್ನೊಂದು ವೇಷದಲ್ಲಿ ಪರಿಚಿತ. ಮೆದು ಉಕ್ಕಿನ ಮೇಲ್ಮೈಗೆ ಇಂಗಾಲ ಹತ್ತಿಸಿ ಗಡಸು ಮಾಡಬೇಕಾದಾಗ ಇದ್ದಿಲ ಪುಡಿಗೆ ಬೇರಿಯಂ ಕಾರ್ಬೊನೇಟು ಬೆರೆಸಿ, ಪೆಟ್ಟಿಗೆಯಲ್ಲಿ ತುಂಬಿ ಕಾಯಿಸುವುದು ಹಳೆಯ ಪದ್ಧತಿ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಇದ್ದಿಲಿನಿಂದಲೇ ಅದಿರು ಕರಗಿಸಿದ್ದು. ಇದ್ದಿಲಿನ ಗುಣ ಆ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ಲೋರೈಡು, ನೈಟ್ರೇಟುಗಳ ಜೊತೆ ಇದ್ದರೆ ಬಹಿರಂಗ ದುಷ್ಟ. ನೀರು ಕಂಡರೆ ಕರಗುತ್ತಾನೆ. ದೀಪಾವಳಿಯ ಹಸಿರು ಬೆಳಕು ನೈಟ್ರೇಟಿನದು. ಪಟಾಕಿಯಲ್ಲಿ ಬೇರಿಯಂ ಲವಣ ಕೂಡದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು, ಕೇಳದವರಿಗೆ 2021ರಲ್ಲಿ ಮತ್ತೊಮ್ಮೆ ಹೇಳಿತು. ಕ್ಲೋರೈಡಿನ ಕಥೆ ಚೀನಾದ್ದು. ಸಿಚುವಾನ್ ಪ್ರಾಂತ್ಯದ ಕಿಯಾಟಿಂಗ್ ಸುತ್ತಮುತ್ತ ‘ಪಾ ಪಿಂಗ್’ ಎಂಬ ಕಾಯಿಲೆ ಇತ್ತು. ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಕೈಕಾಲು ಬಿದ್ದು ಮಲಗುತ್ತಿದ್ದರು. 1940ರ ದಶಕದಲ್ಲಿ ಕಾರಣ ಗೊತ್ತಾಯಿತು: ಅಲ್ಲಿನ ಬಾವಿಯುಪ್ಪಿನಲ್ಲಿ ಬೇರಿಯಂ ಇತ್ತು. ದಿನವೂ ಸಾರಿಗೆ ಹಾಕುವ ಉಪ್ಪು.

ಕೈಕಾಲು ಯಾಕೆ ಬೀಳುತ್ತದೆ? ಇಲ್ಲಿ ಬಾಗಿಲಿನ ಶಾಸ್ತ್ರ ವೈದ್ಯಶಾಸ್ತ್ರವಾಗುತ್ತದೆ. ಮೊದಲು ವಾಂತಿ, ಭೇದಿ, ಬಾಯಿಯ ಸುತ್ತ ಜುಮ್ಮೆನ್ನುವುದು. ಆಮೇಲೆ ಕಾಲು ಸೋಲುತ್ತದೆ, ಕೈ ಸೋಲುತ್ತದೆ, ಕೆಟ್ಟರೆ ಉಸಿರಾಟದ ಸ್ನಾಯು. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ ಪಾತಾಳಕ್ಕೆ ಇಳಿದಿರುತ್ತದೆ. ವಾಂತಿಭೇದಿಯಲ್ಲಿ ಹೋಯಿತು ಅನ್ನಿಸುವುದು ಸಹಜ, ಸ್ವಲ್ಪ ಹೋಗಿರಲೂಬಹುದು. ಆದರೆ ಹೆಚ್ಚಿನದೆಲ್ಲ ಮೈಯಲ್ಲೇ, ಸ್ನಾಯುಕೋಶಗಳ ಒಳಗೇ ಇದೆ. ಕೋಶದ ಪೊರೆಯಲ್ಲಿ ಒಂದು ಪಂಪೂ ಇದೆ: ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಹಗಲೂ ರಾತ್ರಿ. ಬೇರಿಯಂಗೂ ಆ ಪಂಪಿಗೂ ಸಂಬಂಧವಿಲ್ಲ. ಹಾಗಾಗಿ ಹೊರಬರುವ ಬಾಗಿಲು ಮುಚ್ಚಿದರೂ ಪಂಪು ಒಳಕ್ಕೆ ತುಂಬುತ್ತಲೇ ಇರುತ್ತದೆ, ರಕ್ತ ಖಾಲಿಯಾಗುತ್ತದೆ. ಇತ್ತ ಪೊಟ್ಯಾಸಿಯಂ ಹೊರಜಾರದಿದ್ದರೆ ಆ ಮೈನಸ್ 90 ನಿಲ್ಲುವುದಿಲ್ಲ, ಸೊನ್ನೆಯ ಕಡೆ ಸರಿಯುತ್ತದೆ. ಸರಿದ ಸ್ಥಿತಿಯಲ್ಲಿ ಸ್ನಾಯುವನ್ನು ಎಬ್ಬಿಸುವ ಸೋಡಿಯಂ ಚಾನೆಲ್‌ಗಳು ಹೆಪ್ಪುಗಟ್ಟಿ ಕೂರುತ್ತವೆ. ನರ ಕರೆದರೂ ಸ್ನಾಯು ಓಗೊಡುವುದಿಲ್ಲ.

ಚಿಕಿತ್ಸೆ ಎರಡು, ಎರಡೂ ಈ ಶಾಸ್ತ್ರದಿಂದಲೇ ಹುಟ್ಟುತ್ತವೆ. ಹೊಟ್ಟೆಯಲ್ಲಿ ಇನ್ನೂ ಉಳಿದವನಿಗೆ ಸಲ್ಫೇಟಿನ ಸಂಗಾತಿ ಕೊಡುವುದು. ಭೇದಿಯಾಗಲೆಂದು ಕೊಡುವ ಎಪ್ಸಮ್ ಉಪ್ಪಿನಲ್ಲಿ ಅದಿದೆ. ಜೋಡಿಯಾದ ಕ್ಷಣದಿಂದ ಅವನು ಘಟ್ಟಿಹೊಸಹಳ್ಳಿಯ ಕಲ್ಲು. ರಕ್ತಕ್ಕೆ ದಾಟಿದವನ ಎದುರು ಡ್ರಿಪ್‌ನಲ್ಲಿ ಪೊಟ್ಯಾಸಿಯಂ ಕೊಡುವುದು. ಇದೆಲ್ಲ ಆಸ್ಪತ್ರೆಯ ಕೆಲಸ, ಇಸಿಜಿ ನೋಡುತ್ತ ಮಾಡುವಂಥದ್ದು. ಮನೆಯಲ್ಲಿ ಬಾಳೆಹಣ್ಣು, ಎಳನೀರು ಕೊಟ್ಟುಕೊಂಡು ಕೂರುವ ಹೊತ್ತಲ್ಲ.

ದ್ವಿತೀಯ ಭೇದ: ನೂಕಿದಷ್ಟೂ ಸಿಕ್ಕಿಕೊಳ್ಳುವವನು (ಸೀಸಿಯಂ)

ತ್ರಿಜ್ಯ 1.69, ಹೊಟ್ಟೆ ಬಾಗಿಲಿಗೆ ದೊಡ್ಡದು. 1860ರಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಖನಿಜಜಲದ ಜ್ವಾಲೆಯಲ್ಲಿ ಎರಡು ನೀಲಿ ಗೆರೆ ನೋಡಿ ಇವನನ್ನು ಪತ್ತೆ ಹಚ್ಚಿದರು, ಮರುವರ್ಷ ರುಬಿಡಿಯಂ. ಇವನ ವಿಶೇಷವೆಂದರೆ ನೂಕು ಕಡಿಮೆ ಇದ್ದಾಗ ಇವನಿಂದ ತೊಂದರೆಯೇ ಇಲ್ಲ. ಹೊರಗೆ ನಿಂತಿರುತ್ತಾನೆ, ಜನ ಹತ್ತುತ್ತಾರೆ. ಒಳಗಿನ ಋಣಾಂಶ ಹೆಚ್ಚಿಸಿ ಒಳಕ್ಕೆ ಎಳೆದರೆ ಉಳಿದವರ ಜೊತೆ ಇವನನ್ನೂ ಎಳೆದ ಹಾಗಾಯಿತು. ಬಂದು ಬಾಗಿಲಲ್ಲಿ ಕಚ್ಚಿಕೊಳ್ಳುತ್ತಾನೆ. ಸಾಮಾನ್ಯ ನ್ಯಾಯದಲ್ಲಿ ಹೆಚ್ಚು ಎಳೆದರೆ ಹೆಚ್ಚು ಜನ ಒಳಬರಬೇಕು; ಸೀಸಿಯಂ ಇರುವಾಗ ಹೆಚ್ಚು ಎಳೆದರೆ ಕಡಿಮೆ ಜನ ಬರುತ್ತಾರೆ. ವಿದ್ಯುತ್ತಿನ ಗೆರೆ ಏರುತ್ತ ಹೋಗಿ ಒಂದು ಕಡೆ ತಿರುಗಿ ಇಳಿಯತೊಡಗುತ್ತದೆ. ನಿದಿಗೆಯಲ್ಲಿ ಕಂಡಕ್ಟರ್ “ಹಿಂದೆ ಇನ್ನೊಂದ್ ಬಸ್ ಬರ್ತಿದೆ, ನೂಕಬೇಡ್ರಿ” ಎಂದು ಕೂಗುವುದು ಇದೇ ತತ್ತ್ವದ ಮೇಲೆ, ಅವನಿಗೆ ವೋಲ್ಟೇಜಿನ ವಿಚಾರ ಗೊತ್ತಿಲ್ಲದಿದ್ದರೂ.

ಈ ಗುಣದಿಂದ ಒಂದು ದೊಡ್ಡ ಉಪಕಾರವಾಯಿತು. ತಡೆ ವೋಲ್ಟೇಜಿಗೆ ಬಗ್ಗಬೇಕಾದರೆ ತಡೆಯುವವನು ವೋಲ್ಟೇಜು ಬೀಳುವ ಜಾಗದೊಳಗೆ, ಅಂದರೆ ಪೊರೆಯ ನಡುವಿನವರೆಗೆ ಹೋಗಿರಬೇಕು. ಹೊರಬಾಯಿಯಲ್ಲೇ ನಿಂತವನಿಗೆ ಒಳಗಿನ ಎಳೆತ ತಟ್ಟುವುದಿಲ್ಲ. ಎಷ್ಟು ಬಗ್ಗುತ್ತದೆ ಎಂದು ಅಳೆದರೆ ಎಷ್ಟು ಆಳ ಎಂದು ಲೆಕ್ಕ ಹಾಕಬಹುದು. ಆ ಲೆಕ್ಕದ ದಾರಿ ತೋರಿಸಿದವಳು ಆ್ಯನ್ ವುಡ್‌ಹಲ್, 1973ರಲ್ಲಿ. ಬಾಗಿಲು ನೋಡದೆ ಬಾಗಿಲಿನ ಆಳ ಅಳೆದದ್ದು ಹೀಗೆ.

ಸೋಡಿಯಂ ಕೂಡ ಇದೇ ಜಾತಿ, ಆದರೆ ಎಳೆತ ಅತಿರೇಕಕ್ಕೆ ಹೋದಾಗ ಮಾತ್ರ ಸ್ವಭಾವ ತೋರಿಸುತ್ತದೆ.

ತೃತೀಯ ಭೇದ: ಹೋಗುತ್ತಲೇ ಅಡ್ಡವಾಗುವವನು (ರುಬಿಡಿಯಂ)

ಈತ ಹಾದುಹೋಗುತ್ತಾನೆ. ತಾನು ಹೋಗುತ್ತಿರುವುದರಿಂದ ತಾನು ರೋಧಕನೇ ಅಲ್ಲವೆಂದು ವಾದಿಸುತ್ತಾನೆ. ನಿಧಾನವಾಗಿ ಹೋಗುತ್ತಾನೆ, ಹಿಂದಿನವರೆಲ್ಲ ಕಾಯುತ್ತಾರೆ. ಬಾಗಿಲಲ್ಲೇ ನಿಂತು ಟಿಕೆಟ್ಟಿನ ಚಿಲ್ಲರೆ ಎಣಿಸುವವರನ್ನು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಡ.

ಚತುರ್ಥ ಭೇದ: ಒಳಗಿನವರು

ಕಾಟ್ಸ್ ಕಂಡ ಅಸಂಗತದ ಉತ್ತರ ಇಲ್ಲಿದೆ. 1987ರಲ್ಲಿ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಶುರುವಾದ ವರ್ಷವೇ, ಹೃದಯದ ಸ್ನಾಯುಕೋಶಗಳ ಮೇಲೆ ಕೆಲಸ ಮಾಡುತ್ತಿದ್ದವರು, ಜಪಾನಿನಲ್ಲಿ ಮತ್ಸುದಾ ಮತ್ತು ಸಂಗಡಿಗರು, ಅಮೆರಿಕದಲ್ಲಿ ವಾಂಡೆನ್‌ಬರ್ಗ್, ಪೊರೆಯ ಒಳಬದಿಯನ್ನು ತೊಳೆದು ಮೆಗ್ನೀಸಿಯಂ ತೆಗೆದುಬಿಟ್ಟರು. ಒಮ್ಮೆಗೇ ಬಾಗಿಲು ಎರಡೂ ಕಡೆಗೂ ಸಮಾನವಾಯಿತು. ಅಸಂಗತ ಇದ್ದದ್ದು ಬಾಗಿಲಲ್ಲಲ್ಲ, ಕೋಶದೊಳಗೆ ಸದಾ ಇರುವ ಮೆಗ್ನೀಸಿಯಂನಲ್ಲಿ. 1994ರಲ್ಲಿ ಇನ್ನೂ ಬಲವಾದ ಒಳಗಿನವರು ಸಿಕ್ಕಿದರು: ನಾಲ್ಕು ಧನಾಂಶದ ಉದ್ದನೆಯ ಸಾವಯವ ಅಯಾನು ಸ್ಪರ್ಮೀನ್, ಮತ್ತು ಅದರ ಬಳಗ. ಲೀವೆನ್‌ಹುಕ್ ಹದಿನೇಳನೇ ಶತಮಾನದಲ್ಲಿ ವೀರ್ಯದಲ್ಲಿ ಹರಳಾಗಿ ಕಂಡಿದ್ದು ಸ್ಪರ್ಮೀನಿನದ್ದೇ ಲವಣ. ಅದಕ್ಕೆ ಸ್ನಾಯುವಿನ ಬಾಗಿಲಲ್ಲಿ ಕೆಲಸವಿದೆ ಎಂದು ತಿಳಿಯಲು ಮುನ್ನೂರು ವರ್ಷ ಬೇಕಾಯಿತು.

ಇವರನ್ನು ದುಷ್ಟರ ಪಟ್ಟಿಗೆ ಸೇರಿಸಬೇಡಿ. ಹೃದಯ ಒಂದು ಬಡಿತ ಬಡಿಯುವಾಗ ಸ್ನಾಯುಕೋಶ ಕೆಲವು ನೂರು ಮಿಲಿಸೆಕೆಂಡು ಧನದ ಕಡೆ ಇರಬೇಕು. ಆ ಹೊತ್ತಿನಲ್ಲಿ ಪೊಟ್ಯಾಸಿಯಂ ಬಾಗಿಲು ಪೂರ್ತಿ ತೆರೆದಿದ್ದರೆ ಎಲ್ಲ ಹೊರಗೆ ಸುರಿದುಹೋಗಿ ಬಡಿತ ಮೊಟಕಾಗುತ್ತಿತ್ತು. ಒಳಗಿನವರು ಬಾಗಿಲಿಗೆ ಬಂದು ನಿಲ್ಲುವುದು ಸರಿಯಾಗಿ ಆಗಲೇ. ಬಡಿತ ಮುಗಿದು ಒಳಗು ಋಣವಾದ ಕೂಡಲೇ ಸರಿದು ದಾರಿ ಬಿಡುತ್ತಾರೆ. ಬಸ್ಸಿನ ಬಾಗಿಲಲ್ಲಿ ನಿಂತವರ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲು ನನಗೆ ಇದುವರೆಗೆ ಅವಕಾಶ ಸಿಕ್ಕಿಲ್ಲ.

ಪಂಚಮ ಭೇದ: ಪೊಟ್ಯಾಸಿಯಂ

ಪಟ್ಟಿ ಮುಗಿಯಿತೆಂದು ಲೇಖನಿ ಕೆಳಗಿಡುವಷ್ಟರಲ್ಲಿ ಶಾಸ್ತ್ರಕ್ಕೆ ಮುಜುಗರ ತರುವ ಒಂದು ಪ್ರಬಂಧ ಎದುರಾಗುತ್ತದೆ. 1988ರಲ್ಲಿ ನೇಟನ್ ಮತ್ತು ಮಿಲ್ಲರ್ ಇಲಿಯ ಸ್ನಾಯುವಿನಿಂದ ತೆಗೆದ ಚಾನೆಲ್‌ಗಳನ್ನು ಕೃತಕ ಪೊರೆಯಲ್ಲಿ ಕೂರಿಸಿ, ಒಂದೊಂದಾಗಿ ಬೇರಿಯಂ ತಡೆಯನ್ನು ಅಳೆದರು. ಪ್ರಬಂಧದ ಶೀರ್ಷಿಕೆಯಲ್ಲೇ ಪಾತ್ರಗಳು ತಲೆಕೆಳಗಾಗಿವೆ: ಅದರಲ್ಲಿ ಬೇರಿಯಂ ಪ್ರಯಾಣಿಕ, ಅಡ್ಡಗಟ್ಟುವವನು ಪೊಟ್ಯಾಸಿಯಂ.

ಅವರು ಕಂಡದ್ದು ಹೀಗೆ. ಒಳತುದಿಯಲ್ಲಿ ನಿಂತ ಬೇರಿಯಂ ಕೆಲವೊಮ್ಮೆ ಹೊರಬದಿಗೆ ಇಳಿಯಲು ನೋಡುತ್ತಾನೆ. ಹೊರಗಿನ ನೀರಿನಲ್ಲಿ ಒಂಚೂರು ಪೊಟ್ಯಾಸಿಯಂ ಇದ್ದರೂ ಒಂದು ಬಂದು ಅವನ ಎದುರಿಗೆ ಬಾಗಿಲಿನ ಹೊರಜಾಗದಲ್ಲಿ ಕೂರುತ್ತದೆ. ಬೇರಿಯಂ ಈಗ ಹೊರಗೆ ಹೋಗುವಂತಿಲ್ಲ, ಬೀಗ ಬಿತ್ತು. ಪೊಟ್ಯಾಸಿಯಂ ಇನ್ನೂ ಹೆಚ್ಚಿಸಿದರೆ ಎರಡನೆಯದೊಂದು ಬಂದು ಕೂತು ಬೇರಿಯಂ ಅನ್ನು ಒಳಕ್ಕೆ ತಳ್ಳಿಬಿಡುತ್ತದೆ, ಬಾಗಿಲು ಬೇಗ ತೆರೆಯುತ್ತದೆ. ಒಳಬದಿಯಲ್ಲೂ ಇಂಥದೇ ಒಂದು ಜಾಗ. ಒಬ್ಬ ಅಡ್ಡ ನಿಂತವನು ಎಷ್ಟು ಹೊತ್ತು ನಿಂತ ಎಂಬ ಒಂದೇ ಅಳತೆಯಿಂದ ಇವರು ಬಾಗಿಲೊಳಗಿನ ಆಸನಗಳನ್ನೆಲ್ಲ ಎಣಿಸಿಬಿಟ್ಟಿದ್ದರು. ಬೇರಿಯಂಗೆ ಒಂದು, ಪೊಟ್ಯಾಸಿಯಂಗೆ ಮೂರು, ಎಲ್ಲ ಒಂದೇ ಸಾಲಿನಲ್ಲಿ. ಚಾನೆಲಿನ ಚಿತ್ರ ಬರಲು ಇನ್ನೂ ಹತ್ತು ವರ್ಷವಿತ್ತು.

ಚಿತ್ರ ಬಂದಮೇಲೆ, 2000ದಲ್ಲಿ, ಮ್ಯಾಕಿನನ್ ಪ್ರಯೋಗಾಲಯದವರು ಚಾನೆಲಿನ ಹರಳಿಗೆ ಬೇರಿಯಂ ಹಾಯಿಸಿ ಮತ್ತೆ ಎಕ್ಸ್‌ರೇ ತೆಗೆದರು. ಬೇರಿಯಂನ ಚುಕ್ಕೆ ಮೂಡಿದ್ದು ಇಕ್ಕಟ್ಟಿನ ಒಳತುದಿಯಲ್ಲಿ, ಪೊಟ್ಯಾಸಿಯಂ ಕೂರುವ ಜಾಗಗಳಲ್ಲಿ ಎಲ್ಲಕ್ಕಿಂತ ಒಳಗಿನದರ ಹತ್ತಿರ. ಇಲಿಯ ಸ್ನಾಯುವಿನಲ್ಲಿ ಸೆಕೆಂಡು ಎಣಿಸಿ ಹೇಳಿದ್ದೂ ಅದೇ ಜಾಗ.